ಚಪ್ಪಲಿಯ ಅಟ್ಟೆಯಿಂದ ಅಕ್ಷರದ ಅಚ್ಚು

ಅಚ್ಚು ಎಂದೊಡನೆ ನಮ್ಮ ನೆನಪಿಗೆ ಬರುವುದು ಮುದ್ರಣಾಲಯ, ಇಲ್ಲವೆ ಕಚೇರಿಯ ಮೇಜಿನ ಮೇಲಿರುವ ರಬ್ಬರ್ ಮೊಹರು. ಆದರೆ ಅಚ್ಚು ಅಷ್ಟಕ್ಕೇ ಸೀಮಿತವಾದುದಲ್ಲ. ಬೆಲ್ಲಕ್ಕೆ ಅಚ್ಚುಂಟು, ಸಂಕ್ರಾಂತಿಯ ಸಕ್ಕರೆಗೆ ಅಚ್ಚುಂಟು, ಹೊಸಿಲ ಮುಂದೆ ಉರುಳಿಸುವ ರಂಗೋಲಿಯ ಕೊಳವೆಯುಂಟು. ಒಂದು ಆಕಾರವನ್ನು ಒಮ್ಮೆ ಶ್ರಮಪಟ್ಟು ಮಾಡಿಟ್ಟುಕೊಂಡರೆ ಅದನ್ನು ನೂರು ಸಲ ಪಡೆಯಬಹುದೆಂಬುದೇ ಇವೆಲ್ಲದರ ತತ್ತ್ವ. ಫೋಮ್ ತುಂಡುಗಳಿಂದ ಕಾಗದದ ಕೆಲಸಕ್ಕೆ ಬೇಕಾದ ಅಚ್ಚುಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಬಗೆಯನ್ನು ಸಹಪಾಠಿಗಳಿಗೂ ಗುರುಗಳಿಗೂ ತಿಳಿಸುವುದು ಈ ಲೇಖನದ ಉದ್ದೇಶ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ತಪ್ಪು ಮಾಡಿ ಕಲಿತೆ. ಆದ್ದರಿಂದ ತಪ್ಪಿನಿಂದಲೇ ಆರಂಭಿಸುವುದು ನ್ಯಾಯ.

ಕಾಲೇಜಿನ ಸಮಾರಂಭಗಳಲ್ಲಿ ಥರ್ಮಕೋಲಿನಲ್ಲಿ ಅಕ್ಷರಗಳನ್ನು ಕೊರೆದು ವೇದಿಕೆಯ ಪರದೆಗೆ ಚುಚ್ಚುವುದು ಹಿಂದೆ ವಾಡಿಕೆಯಾಗಿತ್ತು. 2022ರ ಜುಲೈ 1ರಿಂದ ಅಲಂಕಾರಕ್ಕಾಗಿ ಥರ್ಮಕೋಲನ್ನು ಬಳಸುವುದು ದೇಶದಲ್ಲೆಲ್ಲ ನಿಷಿದ್ಧವಾಯಿತು. ಹೀಗಾಗಿ ಕಳೆದ ರಾಜ್ಯೋತ್ಸವಕ್ಕೆ ಕಾಗದದ ತೋರಣವನ್ನೂ ಕೈಯಿಂದ ಮಾಡಿದ ಆಹ್ವಾನ ಪತ್ರಿಕೆಗಳನ್ನೂ ಸಿದ್ಧಪಡಿಸಬೇಕೆಂದು ನಮ್ಮ ತರಗತಿಯವರು ತೀರ್ಮಾನಿಸಿದರು. ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ 60 ದಪ್ಪ ಕಾರ್ಡುಗಳನ್ನು ಕೊಂಡೆವು. ನನ್ನ ಅಕ್ಷರ ದುಂಡಗಿದೆಯೆಂಬ ಒಂದೇ ಕಾರಣದಿಂದ ಅವುಗಳ ಭಾರ ನನ್ನ ತಲೆಯ ಮೇಲೆ ಬಿದ್ದಿತು.

ನಮ್ಮ ಮನೆ ಹಲಸೂರಿನಲ್ಲಿ. ನಮ್ಮ ತಂದೆಯವರು ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನಿಂದ ಸ್ವಲ್ಪ ದೂರದಲ್ಲಿ, ರಸ್ತೆಯ ಬದಿಗೆ ಕುಳಿತು ಚಪ್ಪಲಿ ಬೂಟುಗಳನ್ನು ರಿಪೇರಿ ಮಾಡುವರು. ಈ ಸಂಗತಿಯನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ "ವ್ಯಾಪಾರ" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಅಟ್ಟೆ ಕತ್ತರಿಸಿ ಉಳಿದ ಶೀಟಿನ ತುಂಡುಗಳು ನಮ್ಮ ಮನೆಯ ಮೂಲೆಯಲ್ಲಿ ಒಂದು ಚೀಲದ ತುಂಬ ಇದ್ದುವು. ಅವುಗಳಲ್ಲೊಂದನ್ನು ತೆಗೆದು "ಸ್ವಾಗತ" ಎಂದು ಅಂದವಾಗಿ ಬರೆದು, ರಾತ್ರಿ ಹನ್ನೊಂದು ಗಂಟೆಯವರೆಗೆ ಕೊರೆದೆ. ಹಳೆಯ ಪತ್ರಿಕೆಯ ಮೇಲೆ ಒತ್ತಿ ಪರೀಕ್ಷಿಸುವಷ್ಟು ತಾಳ್ಮೆಯೂ ಇರಲಿಲ್ಲ. ನೇರವಾಗಿ ಕಾರ್ಡಿನ ಮೇಲೆಯೇ ಒತ್ತಿದೆ. ಎತ್ತಿ ನೋಡಿದರೆ ಸ್ವಾಗತವು ಹಿಂದುಮುಂದಾಗಿ, ಬಲದಿಂದ ಎಡಕ್ಕೆ ನಿಂತಿತ್ತು! ಕಾರ್ಡನ್ನು ತಪ್ಪಾಗಿ ಹಿಡಿದಿರಬಹುದೆಂದು ಭ್ರಮಿಸಿ ಇನ್ನೂ ಎರಡನ್ನು ಹಾಳುಮಾಡಿದೆ.

ಪಕ್ಕದಲ್ಲಿ ಮಲಗಿದ್ದ ತಂದೆಯವರು ಎದ್ದು ಕುಳಿತು ನೋಡಿದರು. ಅವರಿಗೆ ಓದು ಬಾರದು. ಆದರೂ ಕಾರ್ಡನ್ನೂ ಅಚ್ಚನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿ ನಕ್ಕರು. "ಎಡಗಾಲಿನ ಅಚ್ಚಿನಲ್ಲೇ ಬಲಗಾಲಿನ ಅಟ್ಟೇನೂ ಕತ್ತರಿಸ್ತೀನಲ್ಲ ಮಗಾ, ಹೇಗೆ? ಅಚ್ಚನ್ನ ಮಗುಚಿ ಹಾಕ್ತೀನಿ, ಅಷ್ಟೇ. ನೀನು ಮಗುಚೋದನ್ನ ಮರೆತಿದ್ದೀಯ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಕನ್ನಡಿಯ ಬಿಂಬದ ನಿಯಮವನ್ನು ನಾನು ಶಾಲೆಯಲ್ಲಿ ಓದಿ ಅಂಕಗಳನ್ನು ಗಳಿಸಿದ್ದೆ. ಅವರು ಅದನ್ನು ದಿನವೂ ಕೈಯಿಂದ ಮಾಡುತ್ತಿದ್ದರು.

ಮಗುಚುವ ಈ ವಿದ್ಯೆ ಬಹು ಪುರಾತನವಾದುದು. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಸಿಂಧೂ ನಾಗರಿಕತೆಯ ಜನರು ಮೆದುಗಲ್ಲಿನ ಮೊಹರುಗಳನ್ನು ಕೊರೆದಾಗಲೇ, ಜೇಡಿಮಣ್ಣಿನ ಮೇಲೆ ಒತ್ತಿದಾಗ ಗುರುತುಗಳು ಸರಿಯಾಗಿ ಮೂಡುವಂತೆ ಅವನ್ನು ತಿರುವಿ ಕೊರೆದರು. ಅವರ ಮೊಹರಿನಲ್ಲಿ ಚಿತ್ರವು ತಗ್ಗು, ಮಣ್ಣಿನಲ್ಲಿ ಉಬ್ಬು. ನಮ್ಮ ಅಚ್ಚಿನಲ್ಲಿ ಅಕ್ಷರವೇ ಉಬ್ಬು, ಬಣ್ಣ ಹತ್ತುವುದು ಅದಕ್ಕೆ ಮಾತ್ರ. 1817ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವನ್ನು ಮುದ್ರಿಸಿದ ಮೊಳೆಗಳಲ್ಲಿಯೂ ಅಕ್ಷರಗಳು ತಿರುವಿಯೇ ಇದ್ದುವು. ಮೊಳೆ ಜೋಡಿಸುವವರು ಕನ್ನಡವನ್ನು ಹಿಂದುಮುಂದಾಗಿ ಓದುವುದರಲ್ಲಿ ಪಳಗಿದವರು.

ಇನ್ನು ಮಾಡುವ ವಿಧಾನ.

ಬೇಕಾಗುವ ವಸ್ತುಗಳು: ಫೋಮಿನಲ್ಲಿ ಎರಡು ಜಾತಿ. ಹಾಸಿಗೆ, ಕುರ್ಚಿಯ ಮೆತ್ತೆಗಳಲ್ಲಿರುವ ಸ್ಪಂಜಿನಲ್ಲಿ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಅದು ಬಣ್ಣವನ್ನು ಹೀರುತ್ತದೆ. ಚಪ್ಪಲಿಯ ಅಟ್ಟೆಗೂ ಮಕ್ಕಳ ಆಟದ ಚಾಪೆಗೂ ಬಳಸುವ ಇ.ವಿ.ಎ. ಶೀಟಿನಲ್ಲಿ ಗಾಳಿಯ ಗುಳ್ಳೆಗಳು ಬೇರೆ ಬೇರೆಯಾಗಿ ಮುಚ್ಚಿಕೊಂಡಿರುತ್ತವೆ. ಬಣ್ಣ ಮೇಲೆಯೇ ನಿಲ್ಲುತ್ತದೆ. ಅಂಚು ಸ್ಪಷ್ಟವಾಗಿ ಮೂಡಬೇಕಾದರೆ ಎರಡನೆಯ ಜಾತಿಯೇ ಬೇಕು. ಮೊದಲನೆಯದು ಬಣ್ಣ ತಟ್ಟಲು ಒಳ್ಳೆಯದು. ಶೀಟು 5 ಅಥವಾ 6 ಮಿಲಿಮೀಟರ್ ದಪ್ಪವಿದ್ದರೆ ಸಾಕು. ಇವಲ್ಲದೆ ಹೊಸ ಬ್ಲೇಡು, ಸೀಸದ ಕಡ್ಡಿ, ತೆಳು ಕಾಗದ, ಮರಳು ಕಾಗದ, ಪೋಸ್ಟರ್ ಬಣ್ಣ ಇವಿಷ್ಟು ಬೇಕು. ಅಚ್ಚನ್ನು ಅಂಟಿಸಲು ಹಳೆಯ ಸಿ.ಡಿ. ಡಬ್ಬಿಯ ಪಾರದರ್ಶಕ ಮುಚ್ಚಳವು ಅತ್ಯುತ್ತಮ; ಅಚ್ಚು ಎಲ್ಲಿ ಬೀಳುವುದೆಂಬುದು ಅದರ ಮೂಲಕ ಕಾಣುತ್ತದೆ.

ಬರೆಯುವುದು: ತೆಳು ಕಾಗದದ ಮೇಲೆ ಅಕ್ಷರವನ್ನು ಸೀಸದ ಕಡ್ಡಿಯಿಂದ ಸರಿಯಾಗಿಯೇ, ಒತ್ತಿ ಬರೆಯಿರಿ. ಬರೆದ ಮುಖವನ್ನು ಶೀಟಿನ ಮೇಲೆ ಬೋರಲು ಹಾಕಿ ಚಮಚದ ಬೆನ್ನಿನಿಂದ ಉಜ್ಜಿರಿ. ಸೀಸವು ಶೀಟಿಗೆ ಹತ್ತಿ ಅಕ್ಷರವು ತಾನಾಗಿಯೇ ತಿರುವಿ ಮೂಡುತ್ತದೆ. ತಲೆಯನ್ನು ದಣಿಸಿಕೊಳ್ಳಬೇಕಾದುದೇ ಇಲ್ಲ. ಪೂರ್ತಿ ಪದವನ್ನು ಹೀಗೆ ಬೋರಲು ಹಾಕಿದರೆ ಅಕ್ಷರಗಳ ಕ್ರಮವೂ ತಿರುಗುತ್ತದೆ, ಅದೇ ಸರಿ.

ಕೊರೆಯುವುದು: ಕತ್ತರಿಯು ಫೋಮನ್ನು ಹಿಸುಕಿ ಅಂಚನ್ನು ಕೆಡಿಸುತ್ತದೆ, ಬ್ಲೇಡೇ ಲೇಸು. ತಂದೆಯವರು ರಂಪಿಗೆಯಲ್ಲಿ ಮಾಡಿದ್ದನ್ನು ನಾನು ಬ್ಲೇಡಿನಲ್ಲಿ ಅನುಸರಿಸಿದೆ. ಅವರು ಹೇಳಿಕೊಟ್ಟ ಗುಟ್ಟುಗಳು ಎರಡು. ಬಾಗುವ ಕಡೆ ಕೈಯನ್ನು ತಿರುಗಿಸದೆ ಶೀಟನ್ನೇ ತಿರುಗಿಸಬೇಕು. ಬ್ಲೇಡನ್ನು ಸ್ವಲ್ಪ ಹೊರಕ್ಕೆ ವಾಲಿಸಿ, ಅಕ್ಷರದ ಬುಡವು ಮುಖಕ್ಕಿಂತ ಅಗಲವಾಗುವಂತೆ ಕೊಯ್ಯಬೇಕು. ಹಾಗಲ್ಲದಿದ್ದರೆ ಒತ್ತಿದಾಗ ಸಣ್ಣ ಗೆರೆಗಳು ಪಕ್ಕಕ್ಕೆ ವಾಲುವುವು. ಎಲೆಯ ನರ, ಹೂವಿನ ಎಸಳುಗಳಂಥ ಸೂಕ್ಷ್ಮ ಗೆರೆಗಳಿಗೆ ಬ್ಲೇಡು ಬೇಡ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೀಚಿದರೆ ತಗ್ಗಾದ ಗೆರೆ ಅಚ್ಚಿನಲ್ಲಿ ಬಿಳಿಯಾಗಿ ಉಳಿಯುವುದು.

ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ಮೊದಲು ಕಷ್ಟವೆನಿಸುವುದು ಸಹಜ. ಒತ್ತಕ್ಷರಗಳನ್ನು ಪ್ರತ್ಯೇಕವಾಗಿ ಕೊರೆದು ತಳದಲ್ಲಿ ಜೋಡಿಸುವುದು ಒಳ್ಳೆಯದು. 'ಸ್ವಾ' ಎಂಬಲ್ಲಿ 'ಸಾ' ಒಂದು ತುಂಡು, ಅದರ ಕೆಳಗಿನ ವಕಾರದ ಒತ್ತು ಇನ್ನೊಂದು. 'ಠ'ಕಾರದ ನಡುವಿನ ಚುಕ್ಕೆ ಕೊರೆಯುವಾಗ ಉದುರಿಹೋಗುತ್ತದೆ. ಅದನ್ನು ಕಳೆಯದೆ ಇಟ್ಟುಕೊಂಡು ಆಮೇಲೆ ಅಂಟಿಸಬೇಕು.

ಅಂಟಿಸುವುದು: ಬಿಳಿಯ ಗೋಂದು ಇ.ವಿ.ಎ.ಗೆ ಗಟ್ಟಿಯಾಗಿ ಹಿಡಿಯದು. ಒಂದೆರಡು ಸಲ ತೊಳೆದೊಡನೆ ಕಳಚಿಕೊಳ್ಳುತ್ತದೆ. ಚಪ್ಪಲಿ ರಿಪೇರಿಯವರ ಸಲ್ಯೂಷನ್ನೇ ಸರಿ. ಅದನ್ನು ಎರಡು ಮೈಗಳಿಗೂ ತೆಳುವಾಗಿ ಸವರಿ, ಹತ್ತು ನಿಮಿಷದಷ್ಟು ಬಿಟ್ಟು, ಬೆರಳಿಗೆ ಅಂಟದಂತಾದ ಮೇಲೆ ಒತ್ತಬೇಕು. ಇದರ ಹಬೆ ಒಳ್ಳೆಯದಲ್ಲ. ಕಿಟಕಿ ತೆರೆದೇ ಕೆಲಸ ಮಾಡತಕ್ಕದ್ದು. ಬೆಂಕಿಯ ಬಳಿ ಕೂಡದು. ಚಿಕ್ಕ ಮಕ್ಕಳ ಕೈಗೆ ಬ್ಲೇಡನ್ನಾಗಲಿ ಸಲ್ಯೂಷನ್ನನ್ನಾಗಲಿ ಕೊಡಕೂಡದು.

ಒತ್ತುವುದು: ಅಚ್ಚಿನ ಮುಖವನ್ನು ಮರಳು ಕಾಗದದಿಂದ ಹಗುರವಾಗಿ ಒಮ್ಮೆ ತೀಡಿದರೆ ಬಣ್ಣವು ಹನಿಹನಿಯಾಗಿ ಒಡೆಯದೆ ಸಮನಾಗಿ ಹರಡುತ್ತದೆ. ಅಚ್ಚನ್ನು ಬಣ್ಣದಲ್ಲಿ ಅದ್ದಬೇಡಿರಿ. ಸ್ಪಂಜಿನ ತುಂಡಿನಿಂದ ತೆಳುವಾಗಿ ತಟ್ಟಿರಿ. ಬಣ್ಣ ಹೆಚ್ಚಾದರೆ ಅಂಚಿನಲ್ಲಿ ಕಟ್ಟೆ ಕಟ್ಟುತ್ತದೆ. ನೇರವಾಗಿ ಇಳಿಸಿ, ಅಲುಗಿಸದೆ ಒತ್ತಿ, ನೇರವಾಗಿ ಎತ್ತಬೇಕು. ಹೊಳಪಿನ ಕಾಗದದ ಮೇಲೆ ಅಚ್ಚು ಜಾರುತ್ತದೆ. ಸ್ವಲ್ಪ ಒರಟಾದ ಡ್ರಾಯಿಂಗ್ ಕಾಗದವೇ ಲೇಸು. ಮೊದಲ ಅಚ್ಚನ್ನು ರದ್ದಿಯ ಮೇಲೆ ಹಾಕಿ ನೋಡಿರಿ! ಕೆಲಸ ಮುಗಿದೊಡನೆ ತೊಳೆದಿಟ್ಟರೆ ಅಚ್ಚು ಬಹುಕಾಲ ಬರುವುದು.

ಒಂದು ಮಾತನ್ನು ಮರೆಮಾಚಬಾರದು. ಫೋಮ್ ಕೂಡ ಪ್ಲಾಸ್ಟಿಕ್ಕೇ. ಮಣ್ಣಿನಲ್ಲಿ ಕರಗುವ ವಸ್ತುವಲ್ಲ. ಥರ್ಮಕೋಲನ್ನು ಬಿಟ್ಟು ಹೊಸ ಫೋಮ್ ಶೀಟುಗಳನ್ನು ಕೊಂಡು ತಂದರೆ ನಾವು ಸಾಧಿಸಿದ್ದೇನೂ ಇಲ್ಲ. ಸವೆದ ಚಪ್ಪಲಿ, ಅಟ್ಟೆ ಕತ್ತರಿಸಿ ಉಳಿದ ಚೂರು, ಹರಿದ ಚಾಪೆ ಇವುಗಳಿಂದ ಮಾಡಿದರೆ ಮಾತ್ರ ಈ ಕೆಲಸಕ್ಕೆ ಅರ್ಥವಿದೆ.

ಉಳಿದ 57 ಕಾರ್ಡುಗಳೂ ಮರುದಿನ ಸಿದ್ಧವಾದುವು. ಹಳದಿ ಕೆಂಪು ಕಾಗದದ ತೋರಣಗಳ ಮೇಲೂ ಅಕ್ಷರಗಳನ್ನು ಒತ್ತಿದೆವು. ಸಮಾರಂಭದ ದಿನ ಅಧ್ಯಾಪಕರೊಬ್ಬರು ಕಾರ್ಡನ್ನು ತಿರುಗಿಸಿ ನೋಡಿ, "ಈ ಅಚ್ಚನ್ನು ಎಲ್ಲಿ ಮಾಡಿಸಿದಿರಿ?" ಎಂದು ತರಗತಿಯ ಎದುರಿನಲ್ಲಿಯೇ ಕೇಳಿದರು. ನಾಲಗೆಯ ತುದಿಗೆ "ಅಂಗಡಿಯಲ್ಲಿ" ಎಂಬ ಮಾತು ಬಂದಿತ್ತು. ಅದನ್ನು ನುಂಗಿ, "ನಮ್ಮ ತಂದೆಯವರು ಚಪ್ಪಲಿ ಹೊಲಿಯುತ್ತಾರೆ ಸಾರ್. ಅವರ ಶೀಟಿನ ತುಂಡಿನಿಂದ, ಅವರೇ ಹೇಳಿಕೊಟ್ಟಂತೆ ಮಾಡಿದೆ" ಎಂದೆ. ಯಾರೂ ನಗಲಿಲ್ಲ. ಅಧ್ಯಾಪಕರು, "ಹಾಗಾದರೆ ಮುಂದಿನ ಸಲ ಅವರನ್ನೂ ಕರೆತನ್ನಿ" ಎಂದರು.

ತಂದೆಯವರಿಗೆ ಇದನ್ನು ಹೇಳಿದಾಗ ಅವರು, "ಒಂದು ದಿನದ ದುಡಿಮೆ ಹೋಗುತ್ತಲ್ಲ" ಎಂದಷ್ಟೇ ಹೇಳಿ ಸುಮ್ಮನಾದರು. ಆದರೆ ಆ ಕಾರ್ಡುಗಳಲ್ಲೊಂದು ಈಗ ಅವರ ಸಾಮಾನಿನ ಪೆಟ್ಟಿಗೆಯ ಒಳಮುಚ್ಚಳದಲ್ಲಿದೆ. ಅವರು ಆರಿಸಿಕೊಂಡದ್ದು ನಾನು ಹಾಳುಮಾಡಿದ ಮೂರರಲ್ಲಿ ಒಂದನ್ನು. ನನ್ನ ಸ್ನೇಹಿತರಲ್ಲಿ ಕೆಲವರು ಅಂದಿನಿಂದ ಕಿತ್ತುಹೋದ ಚಪ್ಪಲಿಗಳನ್ನು ಎಸೆಯದೆ ನನಗೆ ತಂದುಕೊಡುತ್ತಾರೆ. ಓದುಗರಲ್ಲಿಯೂ ಯಾರ ಬಳಿಯಾದರೂ ಇದ್ದರೆ ತರಬಹುದು. ರಿಪೇರಿಯಾಗುವುದಾದರೆ ತಂದೆಯವರು ಹೊಲಿದುಕೊಡುವರು. ಆಗದಿದ್ದರೆ ಅದರಲ್ಲಿ ಒಂದೆರಡು ಅಕ್ಷರಗಳಾದರೂ ಹುಟ್ಟುವುವು.