ದಮ್ಮಿನ ಮಕ್ಕಳಿಗೊಂದು ಊದುವ ಪರೀಕ್ಷೆ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಯಮಕನಮರಡಿ, ಗೋಕಾಕ, ಮೂಡಲಗಿ ಸುತ್ತ ರವದಿ ಸುಟ್ಟ ಹೊಗೆ, ರಸ್ತೆಯ ಧೂಳು. ದಮ್ಮಿರುವ ಮಕ್ಕಳಿಗೆ ಎರಡೂ ಆಗಿಬರುವುದಿಲ್ಲ. ಪಟ್ಟಣದ ಕಥೆಯೂ ಬೇರೆಯಲ್ಲ: ಡಾ. ಎಚ್. ಪರಮೇಶ್ ಅವರ ಅಧ್ಯಯನದಂತೆ ಬೆಂಗಳೂರಿನ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5.

ಶ್ವಾಸನಾಳದ ಉರಿಯೂತ ಅಳೆಯಲು ಈಗ ‘ಫೆನೋ’ ಪರೀಕ್ಷೆಯಿದೆ. ಸೂಜಿಯಿಲ್ಲ, ರಕ್ತವಿಲ್ಲ. ಮಗು ಕೆಲವು ಸೆಕೆಂಡು ಒಂದೇ ಸಮನೆ ಕೊಳವೆಗೆ ಊದಬೇಕು, ಅಷ್ಟೇ. ಅಲರ್ಜಿಯಿಂದ ಕೆರಳಿದ ಶ್ವಾಸನಾಳ ನೈಟ್ರಿಕ್ ಆಕ್ಸೈಡ್ ಹೆಚ್ಚು ಬಿಡುತ್ತದೆ. ನೂರು ಕೋಟಿ ಭಾಗದಲ್ಲಿ ಅದೆಷ್ಟು ಎಂದು ಯಂತ್ರ ತೋರಿಸುತ್ತದೆ. ಅಮೆರಿಕನ್ ಥೊರಾಸಿಕ್ ಸೊಸೈಟಿಯ 2011ರ ಮಾರ್ಗಸೂಚಿಯಂತೆ 12 ವರ್ಷದೊಳಗಿನವರಲ್ಲಿ 20ಕ್ಕಿಂತ ಕೆಳಗಿದ್ದರೆ ಇಂಥ ಉರಿಯೂತದ ಸಾಧ್ಯತೆ ಕಡಿಮೆ, 35 ದಾಟಿದರೆ ಹೆಚ್ಚು.

ಅಂಕಿಯೊಂದೇ ತೀರ್ಪಲ್ಲ. ಪರೀಕ್ಷೆಗೆ ಮುನ್ನ ತಿಂದ ಪಾಲಕ್, ಬೀಟ್‌ರೂಟ್ ಕೂಡ ಅದನ್ನು ಏರಿಸಬಲ್ಲವು. ಎಷ್ಟೋ ಸಲ ಏರಿದ ಅಂಕಿ ಹೇಳುವುದು ಇಷ್ಟೇ: ವೈದ್ಯರು ಬರೆದ ಇನ್ಹೇಲರ್ ಕಪಾಟಿನಲ್ಲೇ ಉಳಿದಿದೆ!

ಈ ಯಂತ್ರ ಎಲ್ಲ ಊರಲ್ಲಿ ಸಿಗದು. ಸಿಗಲಿಲ್ಲವೆಂದು ಚಿಕಿತ್ಸೆ ತಡಮಾಡುವುದು ಬೇಡ. ‘ಇನ್ಹೇಲರ್ ಚಟವಾಗುತ್ತದೆ’ ಎಂಬ ಮಾತು ಸುಳ್ಳು. ಕೆಮ್ಮು ನಿಂತಿತೆಂದು ವೈದ್ಯರನ್ನು ಕೇಳದೆ ಅದನ್ನು ಬಿಡಿಸಬೇಡಿ.