ಟೋಕನ್ನಿನಲ್ಲಿ ಸಂಬಳವೇ? ಮೊದಲು ರೂಪಾಯಿಯಲ್ಲಿ ಬರೆಸಿಕೊಳ್ಳಿ

ರಾತ್ರಿ ಎರಡು ಗಂಟೆಗೆ ಗುಂಪಿಗೆ ಬಂದು ಬಿದ್ದ ಮೋಸದ ಲಿಂಕ್ ಅಳಿಸುವುದು, ಹೊಸಬರ ಪ್ರಶ್ನೆಗೆ ಉತ್ತರಿಸುವುದು, ಹೊಲಸು ಮಾತಾಡಿದವರನ್ನು ಹೊರಹಾಕುವುದು, ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು. ಕ್ರಿಪ್ಟೋ ಕಂಪನಿಗಳ ಟೆಲಿಗ್ರಾಂ, ಡಿಸ್ಕಾರ್ಡ್ ಗುಂಪುಗಳನ್ನು ನೋಡಿಕೊಳ್ಳುವವರ ಕೆಲಸ ಇದು. ಹಣದ ಮಾತೆತ್ತಿದರೆ ಬರುವ ಉತ್ತರ: ‘ತಿಂಗಳಿಗೆ 5,000 ಟೋಕನ್, ಒಂದು ವರ್ಷ ಲಾಕ್.’ ಟೋಕನ್ ಎಂದರೆ ಕಂಪನಿಯದೇ ಕ್ರಿಪ್ಟೋ ನಾಣ್ಯ, ಲಾಕ್ ಎಂದರೆ ಅಷ್ಟು ಕಾಲ ಅದನ್ನು ಮಾರುವಂತಿಲ್ಲ. ಕರೆಯುವುದು ಮಾತ್ರ ‘ವಾಲಂಟಿಯರ್’ ಎಂದು.

ಲೆಕ್ಕ ಹಾಕಿ. ಒಪ್ಪಿದ ದಿನ ಒಂದು ಟೋಕನ್‌ಗೆ 4 ರೂಪಾಯಿ ಇದ್ದರೆ ತಿಂಗಳ ದುಡಿಮೆ 20,000 ರೂಪಾಯಿ. ಲಾಕ್ ಬಿಡುವ ಹೊತ್ತಿಗೆ ಬೆಲೆ 40 ಪೈಸೆಗೆ ಇಳಿದಿದ್ದರೆ ಕೈಗೆ ಬರುವುದು ಬರೀ 2,000. ಕೆಲಸ ಒಂದಿಷ್ಟೂ ಕಡಿಮೆಯಾಗಿಲ್ಲ, ನಷ್ಟವೆಲ್ಲ ದುಡಿದವರ ತಲೆಗೆ. ಇದು ಅನ್ಯಾಯ.

ಕಾನೂನು ನಿಮ್ಮನ್ನು ಕರೆದ ಹೆಸರನ್ನಲ್ಲ, ಕೆಲಸದ ಸ್ವರೂಪವನ್ನು ನೋಡುತ್ತದೆ. ಪಾಳಿ ಗೊತ್ತುಮಾಡುವುದು, ರಜೆ ಕೊಡುವುದು, ಹೀಗೇ ಮಾಡಿ ಎಂದು ಹೇಳುವುದು ಎಲ್ಲವನ್ನೂ ಕಂಪನಿಯೇ ಮಾಡುತ್ತಿದ್ದರೆ ನೀವು ನೌಕರರು ಎಂದು ವಾದಿಸಲು ದಾರಿಯಿದೆ. ನೌಕರರ ವೇತನವನ್ನು ನಗದು, ಚೆಕ್, ಬ್ಯಾಂಕ್ ಖಾತೆ ಅಥವಾ ಎಲೆಕ್ಟ್ರಾನಿಕ್ ಪಾವತಿ ಮೂಲಕ ಕೊಡಬೇಕು ಎನ್ನುತ್ತದೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ. ಕ್ರಿಪ್ಟೋ ನಮ್ಮಲ್ಲಿ ಚಲಾವಣೆಯ ಹಣವಲ್ಲ. ಟೋಕನ್ ಸಂಬಳದ ಮೇಲೊಂದು ಉಡುಗೊರೆಯಾಗಬಹುದು, ಸಂಬಳವೇ ಆಗಲಾರದು.

ಸ್ವತಂತ್ರವಾಗಿ ಕೆಲಸ ಮಾಡಿಕೊಡುವವರಿಗೂ ಆಸರೆಯಿದೆ. 1872ರ ಕರಾರು ಕಾಯ್ದೆಯ 70ನೇ ಕಲಮು ಇವರ ಪಾಲಿಗೆ ಬಹಳ ದೊಡ್ಡದು: ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ, ಅದಕ್ಕೆ ಪರಿಹಾರ ಕೊಡಲೇಬೇಕು. ಸಹಿ ಹಾಕಿದ ಕಾಗದ ಇಲ್ಲದಿದ್ದರೂ ಈ ಹಕ್ಕು ಉಳಿಯುತ್ತದೆ. ಆದರೆ ‘ಸ್ವಇಚ್ಛೆಯಿಂದ ಉಚಿತವಾಗಿ ಮಾಡುತ್ತಿದ್ದೇನೆ’ ಎಂಬ ಫಾರಂಗೆ ಒಪ್ಪಿಗೆ ಒತ್ತಿದ್ದರೆ ವಾದ ಸೊರಗುತ್ತದೆ. ಒತ್ತುವ ಮುನ್ನ ಪೂರ್ತಿ ಓದಿ.

ಸ್ವತಂತ್ರವಾಗಿ ಕೆಲಸ ಒಪ್ಪಿಕೊಳ್ಳುವಾಗ ಇಮೇಲ್‌ನಲ್ಲಿ ಹೀಗೆ ಬರೆಸಿಕೊಳ್ಳಿ: ‘ತಿಂಗಳ ಸಂಭಾವನೆ 20,000 ರೂಪಾಯಿ. ಟೋಕನ್‌ನಲ್ಲಿ ಕೊಟ್ಟರೆ ಪಾವತಿಯ ದಿನದ ಬೆಲೆಗೆ 20,000 ರೂಪಾಯಿ ಆಗುವಷ್ಟು ಕೊಡಬೇಕು. ಅದಕ್ಕೆ ಲಾಕ್ ಇರಕೂಡದು.’ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಇಮೇಲ್‌ನಲ್ಲಿ ಆದ ಕರಾರೂ ಕರಾರೇ.

ಜಗಳ ಬಂದ ದಿನವೇ ನಿಮ್ಮನ್ನು ಗುಂಪಿನಿಂದ ತೆಗೆಯುತ್ತಾರೆ, ದಾಖಲೆಯೂ ಅದರೊಂದಿಗೇ ಹೋಗುತ್ತದೆ. ಆದ್ದರಿಂದ ಪ್ರತಿ ತಿಂಗಳೂ ಮಾತುಕತೆ, ಕೆಲಸದ ಗಂಟೆಗಳು, ವಾಲೆಟ್ ವ್ಯವಹಾರದ ಸಂಖ್ಯೆ ಎಲ್ಲವನ್ನೂ ಇಳಿಸಿಟ್ಟುಕೊಳ್ಳಿ. ನ್ಯಾಯಾಲಯಕ್ಕೆ ಬರೀ ಸ್ಕ್ರೀನ್‌ಶಾಟ್ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರವೂ ಬೇಕು. ದಾಖಲೆ ಇರುವ ಹಳೆಯ ಫೋನನ್ನು ಮಾರಬೇಡಿ.

ಸ್ವತಂತ್ರ ಕೆಲಸಗಾರರು ಕೆಲಸ ಹಿಡಿಯುವ ಮೊದಲೇ ಉದ್ಯಮ್ ನೋಂದಣಿ ಮಾಡಿಕೊಳ್ಳಿ, ಶುಲ್ಕವಿಲ್ಲ. ಆಗ ಭಾರತದ ಕಂಪನಿ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ದೂರನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಕೊಡಬಹುದು. ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು.

ತೆರಿಗೆಯೂ ನೆನಪಿರಲಿ: ಟೋಕನ್ ಮಾರಿ ಬಂದ ಲಾಭಕ್ಕೆ ಶೇಕಡ 30 ತೆರಿಗೆ, ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ.

‘ನಿಮ್ಮ ಟೋಕನ್ ಬಿಡಿಸಲು ಮೊದಲು ಶುಲ್ಕ ಕಟ್ಟಿ’ ಎಂದರೆ ಅದು ಮೋಸ. ಕಟ್ಟಬೇಡಿ, ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವು ಕೇಳಬಹುದು. ಮಹಿಳೆಯರಿಗೆ ಇದಕ್ಕೆ ಆದಾಯದ ಮಿತಿಯಿಲ್ಲ.

ಕಂಪನಿಗೆ ಭಾರತದಲ್ಲಿ ಕಚೇರಿಯೇ ಇಲ್ಲದಿದ್ದರೆ ಕಷ್ಟ ಹೆಚ್ಚು. ನ್ಯಾಯಾಲಯದ ಡಿಕ್ರಿ ಸಿಕ್ಕರೂ ಹಣ ವಸೂಲಿ ಮಾಡುವುದು ಸುಲಭವಲ್ಲ. ಅಂಥವರ ಜೊತೆ ತಿಂಗಳ ಬಾಕಿ ಇಡಬೇಡಿ. ವಾರವಾರದ ಹಣ ಬ್ಯಾಂಕ್ ಖಾತೆಗೆ ಬಂದ ಮೇಲೆಯೇ ಮುಂದಿನ ವಾರದ ಕೆಲಸ ಹಿಡಿಯಿರಿ.