ಮಂಟಪದಿಂದ ಚಪ್ಪರಕ್ಕೆ

ಅರಸೀಕೆರೆಯು ಪ್ರಯಾಣಿಕರ ಪಾಲಿಗೆ ಒಂದು ರೈಲ್ವೆ ಜಂಕ್ಷನ್. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ಹಳಿಯೂ ಹಾಸನದ ಮೂಲಕ ಮೈಸೂರಿಗೆ ಹೋಗುವ ಹಳಿಯೂ ಇಲ್ಲಿ ಕೂಡುತ್ತವೆ. ಗಾಡಿ ಬದಲಿಸುವ ಅವಸರದಲ್ಲಿ ಇಳಿಯುವವರಲ್ಲಿ ಬಹುಮಂದಿ ಊರಿನೊಳಗಿರುವ ಈಶ್ವರ ದೇವಾಲಯವನ್ನು ನೋಡದೆಯೇ ಮುಂದೆ ಸಾಗುತ್ತಾರೆ. ಸುಮಾರು 1220ರಲ್ಲಿ, ಹೊಯ್ಸಳರ ಕಾಲದಲ್ಲಿ, ನಿರ್ಮಾಣವಾದ ಆ ಗುಡಿಯ ಮುಂಭಾಗದಲ್ಲಿ ಹದಿನಾರು ಕೋನಗಳ ನಕ್ಷತ್ರದ ಆಕಾರದ ಮಂಟಪವೊಂದಿದೆ. ಅದಕ್ಕೆ ಎತ್ತರದ ಗೋಡೆಗಳಿಲ್ಲ. ಅಂಚಿನಲ್ಲಿ ಕುಳಿತುಕೊಳ್ಳಲು ಕಲ್ಲಿನ ಜಗಲಿ, ನಡುವೆ ನುಣುಪಾದ ಕಂಬಗಳು, ಮೇಲೆ ಕಮಾನಿನಂತೆ ಏರಿರುವ ಕೆತ್ತನೆಯ ಮಾಡು. ಒಳಗೆ ನಡೆಯುವುದು ಹೊರಗೆ ನಿಂತವನಿಗೂ ಕಾಣುತ್ತದೆ. ಒಳಗಿನ ದನಿ ಹೊರಗಿನವನ ಕಿವಿಗೂ ಬೀಳುತ್ತದೆ. ಕಲೆಗೆ ಕಲಾವಿದನೊಬ್ಬನೇ ಸಾಲದು, ಜನರು ಕೂಡುವ ತಾಣವೊಂದು ಬೇಕು ಎಂಬ ಸತ್ಯವನ್ನು ಇಂಥ ಮಂಟಪಗಳು ಮೌನವಾಗಿ ಹೇಳುತ್ತವೆ.

ಈ ಸತ್ಯವನ್ನು ಬೇಲೂರು ಇನ್ನಷ್ಟು ಸ್ಪಷ್ಟವಾಗಿ ಸಾರುತ್ತದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ನವರಂಗದ ನಡುವೆ ಗುಂಡಾದ ನುಣ್ಣನೆಯ ಕಲ್ಲಿನ ವೇದಿಕೆಯಿದೆ. ದೇವರ ಮುಂದೆ ನೃತ್ಯವನ್ನು ಅರ್ಪಿಸುವುದಕ್ಕೆ ಮೀಸಲಾದ ನೆಲೆ ಅದು. ಆ ಭಾಗಕ್ಕೆ 'ರಂಗ'ವೆಂಬ ಹೆಸರು ಸಂದಿರುವುದೇ ಅರ್ಥಪೂರ್ಣವಾಗಿದೆ. ಹೊರಗಿನ ಸೂರಿನ ಕೆಳಗೆ ಮೂವತ್ತೆಂಟು, ಒಳಗೆ ನಾಲ್ಕು, ಒಟ್ಟು ನಲವತ್ತೆರಡು ಮದನಿಕೆಯರು ಇದ್ದಾರೆ. ಅವರಲ್ಲಿ ಕೆಲವರು ಹೆಜ್ಜೆಯಿಡುತ್ತಾರೆ, ಕೆಲವರು ವಾದ್ಯ ನುಡಿಸುತ್ತಾರೆ. ಇವುಗಳನ್ನು ಕಡೆದ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳು ಕಲ್ಲಿನಲ್ಲಿಯೇ ಉಳಿದಿವೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಕೊಂಡಾಡಿವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಗಳಲ್ಲಿಯೂ ಮದ್ದಳೆ ಬಾರಿಸುವವರು, ಕೊಳಲೂದುವವರು, ಕುಣಿಯುವವರು ಸಾಲುಗಟ್ಟಿ ನಿಂತಿದ್ದಾರೆ. ಒಂದು ನಾಡಿನ ಜನರು ಎಂಟುನೂರು ವರ್ಷಗಳ ಹಿಂದೆ ಯಾವುದರಲ್ಲಿ ಸಂತೋಷಪಡುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳನ್ನು 2023ರ ಸೆಪ್ಟೆಂಬರಿನಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಜಗತ್ತೇ ಆ ಸಾಕ್ಷ್ಯಕ್ಕೆ ಮನ್ನಣೆ ನೀಡಿದಂತಾಯಿತು.

ಆದರೆ ಕಲ್ಲಿನಲ್ಲಿ ಕಡೆದ ನರ್ತಕಿ ಮತ್ತೊಂದು ಹೆಜ್ಜೆಯಿಡಲಾರಳು. ಕಲ್ಲಿನ ಮದ್ದಳೆಯಿಂದ ನಾದ ಹೊಮ್ಮದು. ಶಿಲ್ಪವು ಒಮ್ಮೆ ರೂಪುಗೊಂಡರೆ ನೂರಾರು ವರ್ಷ ಬಾಳುತ್ತದೆ. ಸಂಗೀತದ ರೀತಿ ಬೇರೆ. ಅದು ಹಾಡಿದ ಕ್ಷಣದಲ್ಲಿ ಹುಟ್ಟಿ, ಕೇಳಿದ ಕ್ಷಣದಲ್ಲಿಯೇ ಮುಗಿದುಹೋಗುತ್ತದೆ. ಆದುದರಿಂದ ಪ್ರತಿಯೊಂದು ತಲೆಮಾರೂ ಸಂಗೀತವನ್ನು ಹೊಸದಾಗಿ ಕಲಿಯಬೇಕು, ಹೊಸದಾಗಿ ಕೇಳಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಹೊಯ್ಸಳರ ರಾಜ್ಯ ಅಳಿಯಿತು. ಗುಡಿಗಳು ಉಳಿದುವು, ಆದರೆ ಕಲೆಗೆ ಆಶ್ರಯ ನೀಡುವ ಹೊಣೆ ಬೇರೆಯವರ ಹೆಗಲಿಗೆ ಬಿತ್ತು.

ಆ ಹೊಣೆಯನ್ನು ಮುಂದೆ ಹೊತ್ತವರಲ್ಲಿ ಮೈಸೂರಿನ ಒಡೆಯರು ಪ್ರಮುಖರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಬಿಡಾರಂ ಕೃಷ್ಣಪ್ಪ ಮೊದಲಾದ ವಿದ್ವಾಂಸರಿದ್ದರು. ರಾಜಾಶ್ರಯದಿಂದ ಸಂಗೀತವು ಸಮೃದ್ಧವಾಗಿ ಬೆಳೆಯಿತೆಂಬುದು ನಿರ್ವಿವಾದ. ಆದರೂ ಅರಮನೆಯ ಸಭೆಗೆ ಕರೆ ಬಂದವರು ಮಾತ್ರ ಹೋಗಬಹುದಾಗಿತ್ತು. ಹೊಲದಲ್ಲಿ ದುಡಿಯುವವನಿಗೆ, ಅಂಗಡಿಯಲ್ಲಿ ತೂಗುವವನಿಗೆ, ಮನೆಯ ಹೊಸ್ತಿಲೊಳಗೆ ಬಾಳುವ ಹೆಣ್ಣುಮಗಳಿಗೆ ಆ ಗಾನ ದೂರದ ಮಾತಾಗಿತ್ತು. ದೇವಾಲಯಗಳ ವಿಷಯದಲ್ಲಿಯೂ ಒಂದು ಕಹಿಸತ್ಯವನ್ನು ಮರೆಯುವಂತಿಲ್ಲ. ಎಷ್ಟೋ ಕಾಲ ಹಲವು ಜಾತಿಗಳ ಜನರನ್ನು ಗುಡಿಯ ಬಾಗಿಲಿನಿಂದ ಹೊರಗೆಯೇ ನಿಲ್ಲಿಸಲಾಗಿತ್ತು. ಎಲ್ಲರ ಬೆವರಿನಿಂದ ಎದ್ದ ಮಂಟಪದಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ್ದು ಆ ಅನ್ಯಾಯವನ್ನು ಅಳಿಸುವುದಕ್ಕಾಗಿಯೇ. ಕಲೆಯ ಚರಿತ್ರೆಯಲ್ಲಿ 'ಯಾರು ಹಾಡಿದರು' ಎಂಬ ಪ್ರಶ್ನೆಯೊಡನೆ 'ಯಾರು ಕೇಳಿದರು' ಎಂಬ ಪ್ರಶ್ನೆಯನ್ನೂ ಕೇಳಲೇಬೇಕು.

ಸಂಗೀತವನ್ನು ಜನರ ಹತ್ತಿರಕ್ಕೆ ತರುವ ಯತ್ನವು ಕಲಾವಿದರಿಂದಲೇ ಆರಂಭವಾದುದು ಹೆಮ್ಮೆಯ ಸಂಗತಿ. ಬಿಡಾರಂ ಕೃಷ್ಣಪ್ಪನವರು ತಮ್ಮ ಗಳಿಕೆಯನ್ನು ತೊಡಗಿಸಿ ಮೈಸೂರಿನಲ್ಲಿ ರಾಮಮಂದಿರವೊಂದನ್ನು ಕಟ್ಟಿಸಿದರು. ನಾಡಿನ ಹೆಸರಾಂತ ವಿದ್ವಾಂಸರು ಅಲ್ಲಿ ಹಾಡಿದ್ದಾರೆ. ಅವರ ಶಿಷ್ಯರು ತಿರುಮಕೂಡಲು ನರಸೀಪುರದ ಕಡೆಯ ಚೌಡಯ್ಯನವರು. ಆಗ ಧ್ವನಿವರ್ಧಕದ ಸೌಕರ್ಯವಿರಲಿಲ್ಲ. ಸಭೆ ದೊಡ್ಡದಾದಂತೆ ನಾಲ್ಕು ತಂತಿಗಳ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಇದನ್ನು ಮನಗಂಡ ಚೌಡಯ್ಯನವರು ಮೂರು ತಂತಿಗಳಿಗೆ ಒಂದೊಂದು ಜೊತೆತಂತಿಯನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ನಾದ ತುಂಬಿಕೊಂಡಿತು, ದೂರ ಕುಳಿತವನಿಗೂ ಕೇಳಿಸಿತು. ಕೊನೆಯ ಸಾಲಿನ ಕೇಳುಗನೂ ಕೇಳುಗನೇ ಎಂಬ ಗೌರವಭಾವದಿಂದ ಹುಟ್ಟಿದ ಉಪಜ್ಞೆ ಅದು. 1967ರಲ್ಲಿ ತೀರಿಕೊಂಡ ಆ ಮಹನೀಯರ ನೆನಪಿಗಾಗಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಒಂದು ಸಭಾಭವನ ನಿಂತಿದೆ.

ಬೆಂಗಳೂರು ಬೆಳೆದಂತೆ ಸಂಗೀತಕ್ಕೆ ಹೊಸದೊಂದು ಮಂಟಪ ದೊರೆಯಿತು. ಅದು ಕಲ್ಲಿನದಲ್ಲ, ಕಂಬ ನೆಟ್ಟು, ಮೇಲೆ ಹೊದಿಕೆ ಹಾಕಿ, ಕೆಲವೇ ವಾರ ನಿಲ್ಲುವ ಚಪ್ಪರ. ಚೈತ್ರಮಾಸದ ರಾಮನವಮಿಯ ಹೊತ್ತಿಗೆ ಕನ್ನಡನಾಡಿನಲ್ಲಿ ಬಿಸಿಲು ಏರುತ್ತದೆ. ಪಾನಕ, ನೀರುಮಜ್ಜಿಗೆ, ಕೋಸಂಬರಿಗಳನ್ನು ಹಂಚಿ ದಾರಿಹೋಕರ ದಣಿವಾರಿಸುವುದು ನಮ್ಮ ಊರುಗಳ ಹಳೆಯ ಪದ್ಧತಿ. ಹೊಟ್ಟೆಯನ್ನು ತಂಪಾಗಿಸುವ ಈ ಹಬ್ಬಕ್ಕೆ ಕಿವಿಯನ್ನು ತಂಪಾಗಿಸುವ ಸಂಗೀತವೂ ಜೊತೆಗೂಡಿತು. 1939ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಶ್ರೀರಾಮಸೇವಾ ಮಂಡಳಿಯನ್ನು ಆರಂಭಿಸಿದರು. ಆಗ ಅವರಿನ್ನೂ ಎಳೆಯ ವಯಸ್ಸಿನವರು. ಚಿಕ್ಕದಾಗಿ ಮೊದಲಾದ ಆ ಉತ್ಸವವು ಮುಂದೆ ಕೋಟೆ ಹೈಸ್ಕೂಲಿನ ಬಯಲನ್ನು ತುಂಬಿತು. ಎಂ. ಎಸ್. ಸುಬ್ಬುಲಕ್ಷ್ಮಿಯವರು ಅಲ್ಲಿ ಹಾಡಿದರು. ಗದಗಿನ ಭೀಮಸೇನ ಜೋಶಿಯವರು ಅಲ್ಲಿ ಹಾಡಿದರು. ಕರ್ನಾಟಕ ಸಂಗೀತಕ್ಕೂ ಹಿಂದೂಸ್ತಾನಿ ಸಂಗೀತಕ್ಕೂ ಅಲ್ಲಿ ಒಂದೇ ವೇದಿಕೆ. ಇಬ್ಬರೂ ಮುಂದೆ ಭಾರತರತ್ನ ಪ್ರಶಸ್ತಿಗೆ ಪಾತ್ರರಾದರು.

ಶಾಲೆಯ ಬಯಲು ಸಂಗೀತದ ಬಯಲಾಗುವುದರಲ್ಲಿ ಒಂದು ಸೊಗಸಿದೆ. ಹಗಲು ಮಕ್ಕಳು ಓಡಾಡಿದ ನೆಲದಲ್ಲಿ ಸಂಜೆ ಜಮಖಾನ ಹಾಸುತ್ತಾರೆ. ದಿನದ ಝಳ ಇಳಿದು ತಂಗಾಳಿ ಬೀಸುವ ಹೊತ್ತಿಗೆ ತಂಬೂರಿಯ ಶ್ರುತಿ ಕೇಳಿಬರುತ್ತದೆ. ಕಚೇರಿಯಿಂದ ನೇರವಾಗಿ ಬಂದ ಗುಮಾಸ್ತ, ಮೊಮ್ಮಗುವಿನ ಕೈಹಿಡಿದು ಬಂದ ಅಜ್ಜಿ, ಪರೀಕ್ಷೆ ಮುಗಿಸಿ ಹಗುರಾದ ವಿದ್ಯಾರ್ಥಿ, ಎಲ್ಲರೂ ಒಂದೇ ಹೊದಿಕೆಯ ಕೆಳಗೆ ಸೇರುತ್ತಾರೆ. ಹಣ ಕೊಟ್ಟವರಿಗೆ ಮುಂದಿನ ಕುರ್ಚಿ ಸಿಗುವುದುಂಟು. ಆದರೆ ಚಪ್ಪರಕ್ಕೆ ಗೋಡೆಯಿಲ್ಲದ ಕಾರಣ ಒಳಗೆ ಬರಲಾಗದವರು ರಸ್ತೆಯಂಚಿನಲ್ಲಿ ಕುಳಿತು ಕೇಳಿ ತಣಿದಿದ್ದಾರೆ. ಅರಮನೆಯ ಹೊರಗೆ ನಿಂತವನಿಗೆ ಸಿಗದಿದ್ದುದು ಇಲ್ಲಿ ಹಾದಿಬದಿಯವನಿಗೂ ಸಿಕ್ಕಿತು.

ಇಂಥ ಸಭೆಯಲ್ಲಿ ಕೇಳುಗನು ಸುಮ್ಮನೆ ಕುಳಿತಿರುವವನಲ್ಲ. ಗಾಯಕನು ವರ್ಣದಿಂದ ತೊಡಗಿ ಕೃತಿಗಳನ್ನು ಹಾಡುತ್ತಾನೆ. ಕೃತಿಯ ಸಾಹಿತ್ಯ ಮೊದಲೇ ಸಿದ್ಧವಾದುದು. ಆದರೆ ರಾಗದ ಆಲಾಪನೆಯನ್ನೂ ಕಲ್ಪನಾಸ್ವರಗಳನ್ನೂ ಅವನು ಆ ಹೊತ್ತಿನಲ್ಲಿಯೇ ಸೃಷ್ಟಿಸಬೇಕು. ಇದನ್ನು ಮನೋಧರ್ಮ ಸಂಗೀತವೆನ್ನುತ್ತಾರೆ. ಪಕ್ಕದಲ್ಲಿ ಕುಳಿತ ಪಿಟೀಲುವಾದಕನು ಅವನನ್ನು ಅನುಸರಿಸುತ್ತ ತನ್ನ ಸರದಿಯಲ್ಲಿ ಉತ್ತರ ಕೊಡುತ್ತಾನೆ. ಮೃದಂಗದವನು ನಡೆಯನ್ನು ಹಿಡಿದು ನಿಲ್ಲಿಸುತ್ತಾನೆ. ಎದುರಿಗೆ ಕುಳಿತವರು ತೊಡೆಯ ಮೇಲೆ ತಾಳ ಹಾಕುತ್ತಾರೆ. ಸೂಕ್ಷ್ಮವಾದ ಸಂಗತಿಯೊಂದು ಬಂದಾಗ ಯಾವುದೋ ಮೂಲೆಯಿಂದ 'ಭಲೇ' ಎಂಬ ದನಿ ಏಳುತ್ತದೆ. ಆ ಒಂದು ಮಾತಿನಿಂದ ಗಾಯಕನಲ್ಲಿ ಉತ್ಸಾಹ ಉಕ್ಕಿ, ಅವನಿಗೇ ಹೊಳೆಯದಿದ್ದ ದಾರಿಯೊಂದು ತೆರೆದುಕೊಳ್ಳುತ್ತದೆ. ಹೀಗೆ ಒಂದು ಸಂಜೆಯ ಕಚೇರಿಯನ್ನು ವೇದಿಕೆಯವರೂ ಎದುರಿನವರೂ ಕೂಡಿಯೇ ಕಟ್ಟುತ್ತಾರೆ. ನಾಳೆ ಅದೇ ಗಾಯಕ ಅದೇ ರಾಗವನ್ನು ಹಾಡಿದರೂ ಅದು ಇಂದಿನದಾಗದು.

ಬೇಸಿಗೆಯ ಬೆಂಗಳೂರಿನಲ್ಲಿ ಜನರನ್ನು ಕೂಡಿಸುವುದು ಶಾಸ್ತ್ರೀಯ ಸಂಗೀತವೊಂದೇ ಅಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ. ತಿಗಳ ಸಮುದಾಯದವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಈ ಉತ್ಸವದಲ್ಲಿ ಹೂವಿನ ಕರಗವನ್ನು ಹೊತ್ತವನ ಸುತ್ತ ವೀರಕುಮಾರರು ಕತ್ತಿ ಹಿಡಿದು ನಡೆಯುತ್ತಾರೆ. ದಾರಿಯಲ್ಲಿ ಕರಗವು ತವಕ್ಕಲ್ ಮಸ್ತಾನರ ದರ್ಗಾಕ್ಕೆ ಭೇಟಿ ಕೊಡುತ್ತದೆ. ಹಳೆಯ ಪೇಟೆಯ ಬೀದಿಗಳೇ ಅಂದಿನ ರಂಗಮಂಟಪ. ಮನೆಯ ಜಗಲಿ, ಮಹಡಿಗಳೇ ಪ್ರೇಕ್ಷಕರ ಪೀಠ. ಜನರು ತಮ್ಮ ಕಲೆಯನ್ನು ತಾವೇ ಸಾಕಿಕೊಂಡು ಬಂದರೆ ಅದು ಎಷ್ಟು ದೊಡ್ಡ ನಗರದ ನಡುವೆಯೂ ಬಾಳಬಲ್ಲದು ಎಂಬುದಕ್ಕೆ ಕರಗ ಸಾಕ್ಷಿ.

ಆದರೆ ಇಂಥ ಕೂಟಗಳು ತಾವಾಗಿಯೇ ನಡೆಯುವುದಿಲ್ಲ. ಬಯಲನ್ನು ಬೇಡಿ ಪಡೆಯಬೇಕು. ಚಪ್ಪರ, ದೀಪ, ಧ್ವನಿವರ್ಧಕಗಳ ವೆಚ್ಚವನ್ನು ಹೊಂದಿಸಬೇಕು. ಕಲಾವಿದರಿಗೆ ಸಲ್ಲಬೇಕಾದ ಸಂಭಾವನೆಯನ್ನು ಸಲ್ಲಿಸಬೇಕು. ಇದಕ್ಕಾಗಿ ಮನೆಮನೆಗೆ ಅಲೆಯುವವರ, ಜಮಖಾನ ಹಾಸಿ ಮತ್ತೆ ಮಡಿಸಿಡುವವರ ಹೆಸರು ಆಮಂತ್ರಣಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ. ನಗರ ಬೆಳೆದಂತೆ ಬಯಲುಗಳು ಕಿರಿದಾಗುತ್ತವೆ. ವಾಹನಗಳ ಸದ್ದು ತಂಬೂರಿಯ ಶ್ರುತಿಯನ್ನು ನುಂಗುತ್ತದೆ. ಕೈಯಲ್ಲಿರುವ ಪುಟ್ಟ ಯಂತ್ರದಲ್ಲಿಯೇ ಜಗತ್ತಿನ ಸಂಗೀತವೆಲ್ಲ ದೊರೆಯುವಾಗ ಬೆಂಚಿನ ಮೇಲೆ ಮೂರು ಗಂಟೆ ಕುಳಿತು ಕೇಳುವ ಅಗತ್ಯವೇನು ಎಂದು ಕೇಳುವವರೂ ಇದ್ದಾರೆ.

ಈ ಪ್ರಶ್ನೆಗೆ 2020ನೆಯ ವರ್ಷವು ಉತ್ತರ ಹೇಳಿತು. ಕೊರೊನಾ ಸಾಂಕ್ರಾಮಿಕದ ಕಾರಣ ಆ ವರ್ಷದ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಏಪ್ರಿಲ್ 2ರಂದು ರಾಮನವಮಿ ಬಂದಿತು. ಆದರೆ ಜನರು ಚಪ್ಪರದಲ್ಲಿ ಕೂಡುವಂತಿರಲಿಲ್ಲ. ಧ್ವನಿಮುದ್ರಿಕೆಗಳು ಎಲ್ಲರ ಮನೆಯಲ್ಲಿಯೂ ಇದ್ದುವು. ಸಂಗೀತಕ್ಕೆ ಕೊರತೆಯಿರಲಿಲ್ಲ, ಸಂಗಕ್ಕೆ ಕೊರತೆಯಿತ್ತು. ಪಕ್ಕದಲ್ಲಿ ತಾಳ ಹಾಕುವ ಅಪರಿಚಿತನಿರಲಿಲ್ಲ, 'ಭಲೇ' ಎನ್ನುವ ದನಿಯಿರಲಿಲ್ಲ. ದಿನದಿನದ ಸಂಪಾದನೆಯನ್ನೇ ನಂಬಿದ ಕಲಾವಿದರ ಮನೆಗಳಲ್ಲಿ ಒಲೆ ಹೊತ್ತಿಸುವುದೂ ಕಷ್ಟವಾಯಿತು. ಕೇಳುಗರು ಕೂಡದಿದ್ದರೆ ಕಲೆಗೆ ಮಾತ್ರವಲ್ಲ, ಕಲೆಯನ್ನು ನಂಬಿದವರ ಬದುಕಿಗೂ ಕುತ್ತು ಎಂಬುದು ಆಗ ಎಲ್ಲರಿಗೂ ತಿಳಿಯಿತು.

ನಗರವು ಕಲಾವಿದರನ್ನು ಮೆರೆಸುತ್ತದೆ, ನಿಜ. ಆದರೆ ಅವರ ಬೇರು ಎಷ್ಟೋ ವೇಳೆ ಹಳ್ಳಿಗಳಲ್ಲಿರುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡುಗಳಿರುವ ಹಾಸನ ಜಿಲ್ಲೆಯಲ್ಲಿಯೇ, ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ಮೇಲೆ ರುದ್ರಪಟ್ಟಣವೆಂಬ ಗ್ರಾಮವಿದೆ. 1920ರಲ್ಲಿ ಹುಟ್ಟಿ, ತೊಂಬತ್ತು ದಾಟಿದ ಮೇಲೂ ಹಾಡಿದ ಆರ್. ಕೆ. ಶ್ರೀಕಂಠನ್ ಅವರು ಈ ಊರಿನವರು. ರುದ್ರಪಟ್ಟಣಂ ಸಹೋದರರೆಂದು ಪ್ರಸಿದ್ಧರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರ ಮೂಲವೂ ಇದೇ. ಇದೇ ಊರಿನ ವಿದ್ವಾಂಸರಾದ ಆರ್. ಕೆ. ಪದ್ಮನಾಭ ಅವರು ನಗರದಲ್ಲಿ ಹೆಸರು ಗಳಿಸಿದ ಮೇಲೆ ಹುಟ್ಟೂರನ್ನು ಮರೆಯಲಿಲ್ಲ. ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದ ಮಂದಿರವೊಂದು ಎದ್ದಿತು; ಸಂಗೀತೋತ್ಸವಗಳು ನಡೆದುವು. ಪಟ್ಟಣಕ್ಕೆ ಹರಿದ ನಾದದ ಹೊಳೆ ಹಳ್ಳಿಗೆ ಮರಳಿದಂತಾಯಿತು.

ಮಂಟಪ ಕಲ್ಲಿನದಾಗಲಿ, ಚಪ್ಪರ ಬಟ್ಟೆಯದಾಗಲಿ, ಅದು ಎಲ್ಲರಿಗೂ ತೆರೆದಿದ್ದಾಗ ಮಾತ್ರ ಸಾರ್ಥಕ. ಹಾಡುವ ಶಕ್ತಿ ಎಲ್ಲರಿಗೂ ಒಲಿಯುವುದಿಲ್ಲ. ಕೇಳುವ ಶಕ್ತಿಯನ್ನು ಎಲ್ಲರೂ ಬೆಳೆಸಿಕೊಳ್ಳಬಹುದು. ರಾಗದ ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ತಾಳ ತಪ್ಪಿದರೂ ನಾಚಿಕೆಯಿಲ್ಲ. ಊರಿನ ಉತ್ಸವದಲ್ಲಿ ನಾಗಸ್ವರ ಮೊಳಗಿದಾಗ ಒಂದು ಗಳಿಗೆ ನಿಲ್ಲುವುದು, ಶಾಲೆಯ ಬಯಲಿನಲ್ಲಿ ಕಚೇರಿ ನಡೆದಾಗ ಜಮಖಾನ ಹಾಸಲು ಕೈಜೋಡಿಸುವುದು, ಪಕ್ಕದವನಿಗೆ ಸರಿದು ಜಾಗ ಕೊಡುವುದು, ಇವೂ ಕಲಾಸೇವೆಯೇ. ರಾಜರು ಹೋದ ಮೇಲೆ ಕಲೆಗೆ ಜನರೇ ಆಶ್ರಯದಾತರು. ಇಂದಿನ ವಿದ್ಯಾರ್ಥಿಗಳು ನಾಳಿನ ಕೇಳುಗರಾದರೆ ಮಾತ್ರ ಮುಂದಿನ ಚೈತ್ರದಲ್ಲಿಯೂ ಬಯಲಿನಲ್ಲಿ ಚಪ್ಪರ ಏಳುವುದು, ತಂಬೂರಿ ಮಿಡಿಯುವುದು.